ಕೆರೆಯ ಮೇಲೆ ಹನ್ನೆರಡು ಪಾಕೀಟು

ಆ ದಿನ ಗಾದಿಯ ಮೇಲೆ ನಾವು ನಾಲ್ವರಿದ್ದೆವು. ಗೋಡೆಗೆ ಒರಗಿ ಅಣ್ಣ ಸಿದ್ರಾಮ, ಅವನ ಮಗ್ಗುಲಿಗೆ ನಾನು, ಎದುರಿಗೆ ಹೊರಗಿನ ಮಾಲು ತಂದಿದ್ದ ಏಜೆಂಟ, ತುದಿಯಲ್ಲಿ ಸೆರಗು ಹೊದ್ದು ಕುಳಿತ ಕಂದಲಗಾಂವದ ಕಸ್ತೂರಿಬಾಯಿ. ಸೋಲಾಪುರದ ನಮ್ಮಂಥ ಹಳೆಯ ಚಾದರದ ಅಂಗಡಿಗಳಲ್ಲಿ ಕುರ್ಚಿ ಇರುವುದಿಲ್ಲ. ದಪ್ಪ ಗಾದಿ, ಅದರ ಮೇಲೆ ಬಿಳಿ ಹಾಸು. ಮಾರುವವರೂ ಕೊಳ್ಳುವವರೂ ಅದರ ಮೇಲೆಯೇ ಕೂಡಬೇಕು. ಕಸ್ತೂರಿಬಾಯಿ ಹೊಲಮನೆಯ ಹೆಂಗಸು, ನಮ್ಮ ಅಜ್ಜನ ಕಾಲದಿಂದ ಗಿರಾಕಿ. ಮಗಳ ಮದುವೆಗೆ ಹಾಸಿಗೆ ಸಾಮಾನು ಒಯ್ಯಲು ಬಂದಿದ್ದಳು.

ಏಜೆಂಟ ಗಂಟು ಬಿಚ್ಚಿ ಒಂದು ಚಾದರವನ್ನು ಝಾಡಿಸಿ ಹಾಸಿದ. ಹಿಂದೆ ಹಿಮ ಹೊತ್ತ ಗುಡ್ಡ, ಮುಂದೆ ನೀಲಿ ಕೆರೆ, ಕೆರೆಯಲ್ಲಿ ಒಂದು ಖಾಲಿ ದೋಣಿ, ದಂಡೆಯಲ್ಲಿ ಕೆಂಪೆಲೆಯ ಮರ. ಕೈಯಿಂದ ಬರೆದ ಚಿತ್ರವಲ್ಲ, ಯಾವುದೋ ದೇಶದ ಫೋಟೋ. ಎರಡು ಪನ್ನೆ, ಅಂದರೆ ಎರಡು ಅಗಲದ ಬಟ್ಟೆ, ಕೂಡಿಸಿ ಹೊಲಿದದ್ದರಿಂದ ಗುಡ್ಡದ ಶಿಖರ ನಡುವೆ ಒಂದು ಬೆರಳಿನಷ್ಟು ತಪ್ಪಿ ಕುಳಿತಿತ್ತು. ದಿಂಬಿನ ಚೀಲಗಳ ಮೇಲೆ ಮತ್ತೆ ಅದೇ ದೋಣಿ.

“ಅಯ್ ಶಿವನ! ಇದರ ಮ್ಯಾಲ ಮಲಗೂದೋ, ಈಜೂದೋ?” ಅಂದಳು ಕಸ್ತೂರಿಬಾಯಿ.

ಅಣ್ಣ ನಕ್ಕ. “ಈಗಿನ ಹುಡುಗ್ಯಾರಿಗೆ ಇಂಥವೇ ಬೇಕ್ರಿ ಬಾಯಿ. ನಮ್ಮ ಪಟ್ಟಿ ಚಾದರ ಕೊಟ್ರ ಮಾರಿ ಸೊಟ್ಟ ಮಾಡ್ತಾರ.” ಆಮೇಲೆ ನನ್ನ ಕಡೆ ತಿರುಗಿ, “ಮಲ್ಯಾ, ನೋಡು” ಅಂದ.

ನಮ್ಮ ಅಂಗಡಿಯಲ್ಲಿ ‘ನೋಡು’ ಅಂದರೆ ಕಣ್ಣು ಮುಚ್ಚು ಅಂತ ಅರ್ಥ. ಮಾಲಿಗೆ ಅಂಟಿಸಿದ ಚೀಟಿಯನ್ನು ನಾವು ಓದುವುದಿಲ್ಲ. ಕಣ್ಣು ಮುಚ್ಚಿ, ಬಲಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ಬಟ್ಟೆ ಹಿಡಿದು ತಿಕ್ಕಿ, ಇದು ಸೂತಿಯೋ, ಅಂದರೆ ಅಪ್ಪಟ ಹತ್ತಿಯೋ, ಬೆರಕೆಯೋ ಹೇಳಬೇಕು. ಕಲಿಸಿದವನು ಅಜ್ಜ. ನಾವೆಲ್ಲ ಮರಾಠಿ ಶಾಲೆಯವರು. ಕನ್ನಡ ಅಕ್ಷರವನ್ನೂ ಅವನೇ ನನಗೆ ಹಳೆಯ ಪಾವತಿಗಳ ಬೆನ್ನ ಮೇಲೆ ತಿದ್ದಿಸಿದ. ಚಿಕ್ಕವನಿದ್ದಾಗ ನಾನು ಕಳ್ಳಗಣ್ಣಿನಲ್ಲಿ ನೋಡಿದರೆ, “ಕಣ್ಣ ಮುಚ್ಚಲೇ ಮಲ್ಯಾ, ಬಟ್ಟಿ ನಿನಗ ಪಿಚ್ಚರ್ ತೋರಸ್ತದೇನು?” ಎಂದು ತಲೆಗೆ ಮೊಟಕುತ್ತಿದ್ದ. ಅಜ್ಜನ ನಂತರ ಆ ಕೈ ನನ್ನದಾಯಿತು. ಅಣ್ಣ ಹಿರಿಯ, ಲೆಕ್ಕದಲ್ಲಿ ಜಾಣ. ಆದರೆ ಬೆರಳು ನನ್ನದೇ. ಗಾದಿಯ ಮೇಲೆ ನನ್ನ ಜಾಗ ಅಂದರೆ ಆ ಎರಡು ಬೆರಳು, ಬೇರೆ ಏನೂ ಅಲ್ಲ.

ಒಂದು ಮಾತು ಇಲ್ಲೇ ಒಪ್ಪಿಕೊಳ್ಳಬೇಕು. ಅದಕ್ಕೂ ಏಳೆಂಟು ತಿಂಗಳ ಹಿಂದಿನಿಂದ ನನ್ನ ಕೈಗೆ ಎಲ್ಲ ಬಟ್ಟೆಯೂ ಮೆತ್ತಗೆ ಹತ್ತುತ್ತಿತ್ತು. ಒರಟು ಟಾವೆಲೂ ಮೆತ್ತಗೆ, ಗೋಣಿತಟ್ಟೂ ಮೆತ್ತಗೆ. ಗಿರಣಿಯವರು ಸುಧಾರಿಸಿದ್ದಾರೆ, ಕಾಲ ಒಳ್ಳೆಯದಾಗಿದೆ ಎಂದುಕೊಂಡಿದ್ದೆ. ನನ್ನಂಥ ಮೂರ್ಖ ವ್ಯಾಪಾರಿಗೆ ಮಾತ್ರ ಹೊಳೆಯುವ ವಿಚಾರ.

ಕಣ್ಣು ಮುಚ್ಚಿ ಕೆರೆಯ ದಂಡೆಯನ್ನು ತಿಕ್ಕಿದೆ. ಬೆಣ್ಣೆ. “ಸೂತಿ. ಏಕದಮ್ ಛಲೋ ಸೂತಿ” ಅಂದೆ.

ಅಣ್ಣ ಇಡೀ ಗಂಟನ್ನು ಇಳಿಸಿಕೊಂಡ. ಕಸ್ತೂರಿಬಾಯಿ ನನ್ನ ಮಾತಿನ ಮೇಲೆ ಎರಡು ಜೋಡಿ ಒಯ್ದಳು.

ಮದುವೆ ಮುಗಿದ ಮೇಲೆ ಅವಳು ಒಂದು ಜೋಡಿ ಬಗಲಲ್ಲಿ ಇಟ್ಟುಕೊಂಡು ವಾಪಸು ಬಂದಳು. ಚಪ್ಪಲಿ ಬಿಡುವ ಮೊದಲೇ ಅದನ್ನು ಗಾದಿಗೆ ಒಗೆದಳು. “ನನ್ನ ಬೀಗತಿ ನಾಕ ಮಂದ್ಯಾಗ ಅಂದ್ಳು, ಇದು ಸೂತಿ ಅಲ್ಲ, ಪ್ಲಾಸ್ಟಿಕ್ ಅದ, ಮಗಳ ಹಾಸಗ್ಯಾಗ ಸುದ್ದಾ ಮೋಸ ಮಾಡೀರಿ ಅಂತ. ನಿಮ್ಮ ಅಜ್ಜಾರ ಇದ್ದಿದ್ರ ಹಿಂಗ ಮಾಡ್ತಿದ್ರೇನು?”

ಅಣ್ಣ ಒಂದು ಎಳೆ ಕಿತ್ತು ಕಡ್ಡಿ ಗೀರಿದ. ಸೂತಿಯಾದರೆ ಎಳೆ ಸುಟ್ಟು ಬೂದಿಯಾಗಿ ಉದುರುತ್ತದೆ. ಪಾಲಿಸ್ಟರಾದರೆ ಕರಗಿ ಕಪ್ಪು ಮಣಿಯಾಗುತ್ತದೆ. ಮಣಿಯಾಯಿತು. ನನಗೆ ನಂಬಿಕೆ ಬರಲಿಲ್ಲ. ಅವನ ಕೈಯಿಂದ ಕಸಿದುಕೊಂಡು ನಾನೇ ಇನ್ನೊಂದು ಎಳೆ ಸುಟ್ಟೆ; ಮಣಿಯೋ ಬೂದಿಯೋ ಎಂದು ಎರಡು ಬೆರಳಿನಿಂದ ಹಿಸುಕಿದೆ, ಹಿಸುಕುತ್ತಲೇ ಇದ್ದೆ.

“ಅಯ್ಯಯ್ಯ, ಬಿಡ್ರಿ ಅದನ್ನ! ಬೆರಳ ಸುಡಾಕತ್ತಾವ!” ಎಂದು ಕಸ್ತೂರಿಬಾಯಿ ಚೀರಿದಳು.

ನೋಡಿದೆ. ತೋರುಬೆರಳಿನ ತುದಿಯಲ್ಲಿ ಚರ್ಮ ಬೆಂದು ಬೆಳ್ಳಗಾಗಿತ್ತು. ನನಗೆ ಏನೂ ತಿಳಿದಿರಲಿಲ್ಲ. ಸುಟ್ಟ ವಾಸನೆ ಮಾತ್ರ ಮೂಗಿಗೆ ಬಂತು, ಯಾರದೋ ಪರರ ಕೈಯದು ಎಂಬಂತೆ.

ಒಬ್ಬ ಡಾಕ್ಟರ್ ಕುತ್ತಿಗೆಯ ನರ ಅಂದರು, ಪಟ್ಟಿ ಕಟ್ಟಿಸಿದರು. ಇನ್ನೊಬ್ಬರು ಶಕ್ತಿಯ ಇಂಜೆಕ್ಷನ್ ಚುಚ್ಚಿದರು. ಮೂರನೆಯವರು ನನ್ನ ಮೊಳಕೈ ಹತ್ತಿರ ಇದ್ದ ತೆಳು ಬಿಳಿ ಮಚ್ಚೆಯನ್ನು ನೋಡಿ, ಸರ್ಕಾರಿ ದವಾಖಾನೆಯ ಚರ್ಮದ ಖೋಲಿಗೆ ಚೀಟಿ ಬರೆದುಕೊಟ್ಟರು. ಅಲ್ಲಿದ್ದ ಡಾಕ್ಟರ್ ಬಾಯಿ ನನಗಿಂತ ಚಿಕ್ಕವರು. ಹತ್ತಿಯ ಎಳೆಯೊಂದನ್ನು ಹೊಸೆದು ಹಿಡಿದು, “ಡೋಳೆ ಮಿಟಾ, ಕಾಕಾ. ಕಣ್ಣ ಮುಚ್ಚರಿ. ನಾ ಎಲ್ಲಿ ಮುಟ್ತೀನಿ ಅಲ್ಲಿ ಬೆರಳ ಇಡ್ರಿ” ಅಂದರು.

ಜೀವಮಾನವೆಲ್ಲ ಕಣ್ಣು ಮುಚ್ಚಿಯೇ ಹೊಟ್ಟೆ ಹೊರೆದವನು ನಾನು. ಮುಚ್ಚಿದೆ, ಕಾದೆ. ಪಂಖಾ ತಿರುಗುವ ಸಪ್ಪಳ, ಹೊರಗೆ ಯಾರದೋ ಕೆಮ್ಮು. “ಮುಟ್ರಿ ಬಾಯಿ” ಅಂದೆ.

“ಮುಟ್ಟಾಕತ್ತೀನಿ, ಕಾಕಾ.”

ಕಣ್ಣು ತೆರೆದೆ. ಹತ್ತಿಯ ಎಳೆ ನನ್ನ ಹೆಬ್ಬೆರಳಿನ ಮೇಲೆ ಆಡುತ್ತಿತ್ತು. ನನ್ನ ಸ್ವಂತ ವ್ಯಾಪಾರದ ಸೂತಿ ಎಳೆ.

ರೋಗದ ಹೆಸರನ್ನು ಅವರು ಮೂರು ಭಾಷೆಯಲ್ಲಿ ಹೇಳಿದರು, ಕುಷ್ಠ ಎಂದು ಕನ್ನಡದಲ್ಲೂ. ನಮ್ಮ ಮನೆಯಲ್ಲಿ ಅದಕ್ಕೆ ಇದ್ದದ್ದು ಒಂದೇ ಹೆಸರು: ದೊಡ್ಡ ರೋಗ. ಅದನ್ನೂ ಬಾಯಿ ಬಿಟ್ಟು ಹೇಳುವುದಿಲ್ಲ, ಕೈಬೆರಳು ಮಡಿಚಿ ತೋರಿಸುತ್ತಾರೆ. “ಒಂದ ವರ್ಷ ಗುಳಿಗಿ ತಗೊಳ್ರಿ, ಪೂರಾ ಹೋಗ್ತದ. ನಿಮ್ಮಿಂದ ಯಾರಿಗೂ ಹತ್ತೂದಿಲ್ಲ ಇನ್ನ” ಅಂದ ಡಾಕ್ಟರ್ ಬಾಯಿ ನನ್ನ ಕೈಯನ್ನು ತಮ್ಮ ಬರಿಗೈಯಲ್ಲಿ ಹಿಡಿದೇ ಇದ್ದರು. ನನಗೆ ಆ ಹಿಡಿತ ಅರ್ಧ ಮಾತ್ರ ತಿಳಿಯುತ್ತಿತ್ತು.

“ಸ್ಪರ್ಶ ತಿರುಗಿ ಬರ್ತದೇನ್ರಿ?” ಎಂದು ಕೇಳಿದೆ.

“ರೋಗ ಹೋಗ್ತದ ಅಂತ ಲಿಹೂನ, ಬರದು ಕೊಡ್ತೀನಿ. ಬೆರಳಿಂದ ಹೇಳಾಕ ಬರೂದಿಲ್ಲ” ಅಂದರು. ನನಗೆ ಬೇಕಿದ್ದದ್ದು ಎರಡನೆಯದು.

ಈ ಬರಹ ಓದುವವರಲ್ಲಿ ಯಾರಿಗಾದರೂ ಇದೇ ಮಚ್ಚೆ ಇದ್ದರೆ, ಮನೆಯವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಸಿಹಿ ಹಚ್ಚದೆ ಹೇಳುತ್ತೇನೆ. ಮರುದಿನ ಬೆಳಿಗ್ಗೆ ವೈನಿ, ಅಂದರೆ ಅಣ್ಣನ ಹೆಂಡತಿ, ನನಗೆ ಚಹಾ ಸುರುವುವಾಗ ಕಿಟಲಿಗೂ ಬಟ್ಟಲಿಗೂ ನಡುವೆ ಒಂದು ಗೇಣು ಅಂತರವಿತ್ತು. ಅರ್ಧ ಚಹಾ ಬಟ್ಟಲಿಗೆ, ಅರ್ಧ ನನ್ನ ತೊಡೆಗೆ. ತೊಡೆಗೆ ಚೆನ್ನಾಗಿಯೇ ಸ್ಪರ್ಶ ಇತ್ತು. ಮಧ್ಯಾಹ್ನಕ್ಕೆ ನನ್ನ ತಾಟು ಬಚ್ಚಲ ಗೂಡಿಗೆ ಹೋಯಿತು. ಸಂಜೆಗೆ ಅಣ್ಣ ತೀರ್ಮಾನ ಹೇಳಿದ: ಅಕ್ಕಲಕೋಟದಲ್ಲಿ ನಮ್ಮ ಸಂಬಂಧಿಕರ ಎಣ್ಣೆ ಗಿರಣಿಯ ಹಿಂದೆ ಒಂದು ಖೋಲಿ ಇದೆ, ವರ್ಷ ಅಲ್ಲಿರು.

“ಮಂದಿ ಕೇಳಿದ್ರ?” ಅಂದೆ.

“ಅಕ್ಕಲಕೋಟದಾಗ ಸೇವಾಕ್ಕ ಕುಂತಾನ ಅಂತ ಹೇಳ್ತೀನಿ. ಯಾರ ಬ್ಯಾಡ ಅಂತಾರ?”

ಇದು ನಮ್ಮ ಊರಿನ ಹಳೆಯ ಉಪಾಯ. ದಿವಾಳಿ ಎದ್ದವರು, ಹೆಂಡತಿಯೊಡನೆ ಜಗಳಾಡಿದವರು, ಪರೀಕ್ಷೆ ಕೆಟ್ಟವರು ಎಲ್ಲರೂ ಅಕ್ಕಲಕೋಟದ ಗುಡಿಯಲ್ಲಿ ದೇವರ ಸೇವೆಗೆ ಕುಳಿತಿರುತ್ತಾರೆ. ಇಷ್ಟು ಮಂದಿ ಖರೇ ಕುಳಿತಿದ್ದರೆ ದೇವರಿಗೆ ಕೂಡಲು ಜಾಗ ಉಳಿಯುತ್ತಿರಲಿಲ್ಲ.

ಹೊರಡುವಾಗ ಅಣ್ಣ ಟೆಂಪೋದಲ್ಲಿ ಒಂದು ಗಂಟು ಹೇರಿಸಿದ. ಆ ಕೆರೆಯ ಚಾದರಗಳು, ಇಡೀ ಗಂಟು. “ಹಾಸಾಕ ಇವ ಒಯ್ಯಿ. ಇವು ಯಾವ್ಯಾವು ಅಂತ ಗುರ್ತಾ ಸಿಗ್ತಾವ, ಮನಿ ಅರಿವ್ಯಾಗ ಬೆರಿಯೂದಿಲ್ಲ. ಆಮ್ಯಾಲ ಸುಟ್ಟ ಬಿಡು.” ಸುತ್ತ ಸೂತಿ ಚಾದರದ ಥಪ್ಪಿಗಳು ಛತ್ತಿನವರೆಗೆ ನಿಂತಿದ್ದ ಅಂಗಡಿಯ ಮಾಲಕ ನನ್ನ ಒಡಹುಟ್ಟಿದವನು, ನನ್ನ ಪಾಲಿಗೆ ಪ್ಲಾಸ್ಟಿಕ್ಕಿನ ಗುಡ್ಡ ಬಂತು.

ನನ್ನ ಹೆಂಡತಿ ನಂದಾ ದುಧನಿಯ ಹೆಣ್ಣು, ನಾಲಿಗೆ ಹರಿತ. “ಭಾವಾರ, ಹಾಸಗಿ ಕೊಟ್ರಿ, ದೋಣಿ ಕೊಟ್ರಿ, ಒಂದ ಹುಟ್ಟ ಕೊಟ್ಟಿದ್ರ ಹೊಡಕೊಂಡ ಹೋಗ್ತಿದ್ವಿ” ಎಂದು ಟೆಂಪೋ ಹತ್ತಿದಳು.

ಆ ಚಾದರವನ್ನು ನಾನು ದ್ವೇಷಿಸಿದಷ್ಟು ಯಾವ ಮನುಷ್ಯನನ್ನೂ ದ್ವೇಷಿಸಿಲ್ಲ, ಅಣ್ಣನನ್ನು ಬಿಟ್ಟರೆ. ಅಕ್ಕಲಕೋಟದ ಬಿಸಿಲಿಗೆ ತಗಡಿನ ಖೋಲಿ ಕಾಯುತ್ತಿತ್ತು. ನಾನು ಹಿಮಗುಡ್ಡದ ಕೆಳಗೆ ಬೆವರುತ್ತ ಬಿದ್ದಿರುತ್ತಿದ್ದೆ. ಪಾಲಿಸ್ಟರ್ ಬೆವರು ಕುಡಿಯುವುದಿಲ್ಲ. ಹೊರಳಿದರೆ ಜಾರುತ್ತದೆ, ಜಾರಿ ಬೆನ್ನಿನಡಿ ಮುದ್ದೆಯಾಗುತ್ತದೆ. ಆ ಫೋಟೋ ತೆಗೆದವನು ಎಲ್ಲೋ ತಂಪಿನಲ್ಲಿ ನಿಂತು ತೆಗೆದು ಚಹಾ ಕುಡಿದು ಹೋಗಿರಬೇಕು. ಖಾಲಿ ದೋಣಿ ನನ್ನ ಮೊಳಕಾಲಿನ ಹತ್ತಿರ ಬರುತ್ತಿತ್ತು. ಯಾರೂ ಹತ್ತದ, ಯಾರೂ ಇಳಿಯದ ಆ ದೋಣಿಯನ್ನು ಎಷ್ಟೋ ಸಲ ಒದ್ದಿದ್ದೇನೆ.

ಮೊದಲ ದಿನ ನಾನು ನಂದಾಳಿಗೆ ಬೇರೆ ಹಾಸಿಕೋ ಅಂದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ಡಾಕ್ಟರ್ ಬಾಯಿ ಹತ್ತೂದಿಲ್ಲ ಅಂದಾಳಲ್ಲ? ನೀವು ಆ ದಂಡಿಗೆ ಮಲಗ್ರಿ, ನಾ ಈ ದಂಡಿಗೆ ಮಲಗ್ತೀನಿ. ನಡುವ ಕೆರಿ ಅದ.” ನಾಲ್ಕು ದಿನದಲ್ಲಿ ಅವಳು ಕೆರೆ ದಾಟಿ ಬಂದಿದ್ದಳು.

ತಿಂಗಳಿಗೊಮ್ಮೆ ದವಾಖಾನೆಗೆ ಹೋಗಬೇಕು. ಒಂದು ಪಾಕೀಟಿನಲ್ಲಿ ಒಂದು ತಿಂಗಳ ಗುಳಿಗೆ. ಮೊದಲ ದಿನದ್ದನ್ನು ಸಿಸ್ಟರ್ ಎದುರೇ ನುಂಗಬೇಕು. ಹನ್ನೆರಡು ಪಾಕೀಟು ಮುಗಿದರೆ ಬಿಡುಗಡೆ. ಅಲ್ಲಿಯ ಬಾಕಿನ, ಅಂದರೆ ಬೆಂಚಿನ, ಮೇಲೆ ಎಲ್ಲರೂ ಮುಖ ಮುಚ್ಚಿ, ಗೋಡೆಯ ಕಡೆ ತಿರುಗಿ ಕೂಡುತ್ತಿದ್ದರು. ಯಾರೂ ಯಾರ ಹೆಸರನ್ನೂ ಕೇಳುವುದಿಲ್ಲ. ಹುಲಜಂತಿ ಕಡೆಯ ಒಬ್ಬ ಕುರುಬ ಮುದುಕ ಮಾತ್ರ ಕಂಬಳಿ ಹಾಸಿಕೊಂಡು ನಡುವೆ ಕುಳಿತು ಬಂದವರನ್ನೆಲ್ಲ ಮಾತಾಡಿಸುತ್ತಿದ್ದ.

“ಎಷ್ಟನೇ ಪಾಕೀಟು?”

“ಎರಡ್ನೇದು” ಅಂದೆ.

“ನಂದು ಒಂಬತ್ತು. ಉಚ್ಚಿ ಕೆಂಪಗ ಆಗ್ಯದೇನು?”

“ಆಗ್ಯದ.”

“ಅಂಜಬ್ಯಾಡ, ಅದು ಗುಳಿಗಿ ಬಣ್ಣ. ಮೊದಲ ದಿನ ನಾ ರಕ್ತ ಅಂತ ತಿಳದು, ಕುರಿ ಹಂಚಿ ಕೊಟ್ಟು ಸಾಯಾಕ ಮಲಗಿದ್ದೆ. ಮುಂಜಾನಿ ಎದ್ದೆ. ಕುರಿ ತಿರುಗಿ ಕೊಡು ಅಂದ್ರ ಮಕ್ಕಳು ಕೊಡ್ಲಿಲ್ಲ.”

ಎಷ್ಟೋ ದಿನದ ಮೇಲೆ ನಾನು ನಕ್ಕದ್ದು ಆ ಬಾಕಿನ ಮೇಲೆ. ಗೋಡೆಯ ಕಡೆ ತಿರುಗಿದ್ದವರ ಭುಜಗಳೂ ಅಲುಗುತ್ತಿದ್ದವು.

ಗುಳಿಗೆಗಳಿಂದ ನನ್ನ ಮೈ ಹೊಗೆ ಹಿಡಿದ ತಾಮ್ರದ ಹಂಡೆಯಂತೆ ಕಪ್ಪಾಯಿತು. ಬೆವರಿನ ಬಣ್ಣವೂ ಬದಲಾಗಿ, ನೀಲಿ ಕೆರೆಯ ನಡುವೆ ನನ್ನ ಬೆನ್ನಿನ ಆಕಾರದಲ್ಲಿ ಕೆಂಪು ಕಲೆ ಬಿತ್ತು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಐದನೆಯ ಪಾಕೀಟಿನ ಹೊತ್ತಿಗೆ ಮೊಳಕೈಯ ನರ ಹಗ್ಗದಂತೆ ಬಾತು, ಸತ್ತ ಕೈಗೆ ಒಮ್ಮೆಲೆ ಬೆಂಕಿಯಂಥ ನೋವು ಬಂತು. ಬೇರೆ ಗುಳಿಗೆ ಸೇರಿಸಿದರು. ಆ ಎರಡು ವಾರ ನಾನು ಕಂಡವರಿಗೆಲ್ಲ ಬೈದೆ; ದೇವರಿಗೆ, ಏಜೆಂಟನಿಗೆ, ಎಣ್ಣೆ ಗಿರಣಿಯ ಸಪ್ಪಳಕ್ಕೆ. ನಂದಾ ಕೇಳಿಸಿಕೊಂಡು, “ಬೈಯ್ರಿ. ನಿಮ್ಮ ಅಜ್ಜಾರು ಕಲಿಸಿದ ಕನ್ನಡ ಇನ್ನಾ ಭಾಳ ಉಳದದ” ಎನ್ನುತ್ತಿದ್ದಳು.

ಇತ್ತ ಅಣ್ಣನ ಸುಳ್ಳು ಸೋಲಾಪುರದಲ್ಲಿ ಚೆನ್ನಾಗಿ ಬೆಳೆದಿತ್ತು. ನಾನು ಸೇವೆಗೆ ಕುಳಿತಿದ್ದೇನೆಂದು ಗಿರಾಕಿಗಳು ಅಂಗಡಿಗೆ ತೆಂಗಿನಕಾಯಿ ತಂದುಕೊಡತೊಡಗಿದರು, ಮಲ್ಲಪ್ಪನವರ ಕೈಯಿಂದ ಮುಟ್ಟಿಸಿ ಅಂಗಾರ, ಅಂದರೆ ದೇವರ ಬೂದಿ, ತಂದುಕೊಡ್ರಿ ಎಂದು. ಯಾವ ಕೈಯ ಬಟ್ಟಲನ್ನು ಮನೆಯವರು ಮುಟ್ಟುತ್ತಿರಲಿಲ್ಲವೋ ಆ ಕೈಯಿಂದ ಊರು ಪ್ರಸಾದ ಬೇಡುತ್ತಿತ್ತು.

ಅಣ್ಣ ಒಮ್ಮೆ ಮಾತ್ರ ಬಂದ, ಆ ಕಾಯಿಗಳ ಚೀಲ ಹಿಡಿದು. ಹೊಸ್ತಿಲಾಚೆ ನಿಂತ. ಮೂಗಿಗೆ ಕರವಸ್ತ್ರ.

“ಮನಿಯವರೆಲ್ಲ ಒಮ್ಮಿ ತೋರಿಸ್ಕೊಂಡ ಹೋಗ್ರಿ ಅಂತ ಡಾಕ್ಟರ್ ಬಾಯಿ ಮೂರ ಸಲ ಹೇಳ್ಯಾಳ” ಅಂದೆ.

“ಆ ಬಾಕಿನ ಮ್ಯಾಲ ನಾ ಕೂಡಬೇಕೇನು? ಯಾರರ ನೋಡಿದ್ರ?”

“ಕೂಡು. ಒಳ್ಳೆ ಮಂದಿ ಇರ್ತಾರ.”

“ನಿನ್ನ ಕೈಲೆ ಅಂಗಡಿ ಹೆಸರು ಹಾಳಾತು. ಇನ್ನ ನನ್ನ ಮಾರಿಗೂ ಮಸಿ ಬೇಕೇನು?”

ನಾನು ದಿಂಬು ತೆಗೆದು ಎಸೆದೆ. ದೋಣಿ ಗಾಳಿಯಲ್ಲಿ ಹಾರಿ ಅವನ ಕಾಲ ಹತ್ತಿರ ಬಿತ್ತು. ಹಾವು ಕಂಡವನಂತೆ ಅವನು ಹಿಂದಕ್ಕೆ ಜಿಗಿದ. ಕಾಯಿಗಳು ಓಣಿಯ ತುಂಬ ಉರುಳಿದವು. ಆಮೇಲೆ ಅವನು ಬರಲಿಲ್ಲ. ನಂದಾ ಎಲ್ಲವನ್ನೂ ಆರಿಸಿ ತಂದು ಚಟ್ನಿ ಮಾಡಿದಳು.

ಅವಳು ಇನ್ನೊಂದು ಕೆಲಸ ಹಚ್ಚಿದಳು. ದಿನಾ ಮುಂಜಾನೆ ನನ್ನ ಕಣ್ಣಿಗೆ ವಸ್ತ್ರ ಕಟ್ಟಿ, ಕೈಗೆ ಒಂದೊಂದು ಚಿಂದಿ ಕೊಡುವುದು: ಅವಳ ಹಳೆಯ ಇಳಕಲ್ಲ ಸೀರೆಯ ಸೆರಗು, ನನ್ನ ಧೋತರ, ಚೀಲದ ತುಂಡು, ಈ ಚಾದರದ ಅಂಚು. ಬಲಗೈ ಎಲ್ಲಕ್ಕೂ ‘ಬೆಣ್ಣೆ’ ಎನ್ನುತ್ತಿತ್ತು. “ಎಡಗೈ ತರ್ರಿ” ಅಂದಳು.

“ಎಡಗೈಲೆ ಮಾಲ ಮುಟ್ಟಿದ್ರ ಅಜ್ಜ ಹೊಡಿತಿದ್ದ.”

ಅಂಗಡಿಯಲ್ಲಿ ಗಿರಾಕಿಯ ಎದುರು ಎಡಗೈಯಿಂದ ಬಟ್ಟೆ ಮುಟ್ಟುವುದು ಅಪಮಾನ. ಬೋಣಿಯ ಹೊತ್ತಿಗೆ ಮುಟ್ಟಿದರಂತೂ ದಿನವೇ ಕೆಟ್ಟಿತು.

“ಅಜ್ಜಾರು ಸತ್ತಾರ. ನಿಮ್ಮ ಬಲಗೈನೂ ಸತ್ತದ. ಬದುಕಿದ್ದು ಯಾವದು ಅದ, ಅದನ್ನ ತರ್ರಿ.”

ಎಡಗೈ ಮೊದಲು ಪೆದ್ದನಂತೆ ತಡವರಿಸಿತು. ಏಳನೆಯ ಪಾಕೀಟಿಗೆ ಸೂತಿಯನ್ನು ಗುರುತಿಸಿತು. ಹನ್ನೊಂದಕ್ಕೆ ಬೆರಕೆಯನ್ನೂ. ಅಷ್ಟರಲ್ಲಿ ಬಲಗೈಯ ಹೆಬ್ಬೆರಳಿಗೂ ಬಿಸಿ-ತಂಪು ತಿಳಿಯತೊಡಗಿತ್ತು. ಉಳಿದ ಬೆರಳು ಇದ್ದ ಹಾಗೆಯೇ ಉಳಿದವು, ಇಂದಿಗೂ.

ಹನ್ನೆರಡನೆಯ ಪಾಕೀಟು ಮುಗಿಸಿ ಸೋಲಾಪುರಕ್ಕೆ ತಿರುಗಿ ಬಂದಾಗ ಅಂಗಡಿಯಲ್ಲಿ ಒಂದು ಹೊಸ ಸಾಮಾನು ಕಂಡಿತು: ಕುರ್ಚಿ. ಗಾದಿಯಿಂದ ಮೂರು ಮಾರು ದೂರ, ಬಾಗಿಲಿನ ಹತ್ತಿರ.

“ಮೈಗೆ ಛಲೋ, ಸೊಂಟಕ್ಕ ಆರಾಮ” ಅಂದ ಅಣ್ಣ, ನನ್ನ ಮುಖ ನೋಡದೆ. “ಬಂದವರನ್ನ ಮಾತಾಡ್ಸು ಸಾಕು. ಮಾಲ ನಾ ನೋಡ್ಕೋತೀನಿ. ಹಾಸಗಿ ಸುಟ್ಟಿ ಹೌದಲ್ಲೋ?”

ಸಂಜೆ ನಂದಾಳಿಗೆ ಹೇಳಿದೆ. “ಅದು ಸುಡೂದಿಲ್ಲ, ಕರಗ್ತದ. ನಿಮ್ಮಣ್ಣಗ ಅಷ್ಟೂ ಗೊತ್ತಿಲ್ಲೇನು?” ಎಂದವಳೇ, ಕೆರೆಯ ನಡುಭಾಗ ಕತ್ತರಿಸಿ, ನನ್ನ ಬೆನ್ನಿನ ಕಲೆ ಮೇಲೆ ಬರುವ ಹಾಗೆ, ಒಂದು ದಪ್ಪ ಕುರ್ಚಿ ದಿಂಬು ಹೊಲಿದಳು. “ಕುರ್ಚಿ ಕೊಟ್ಟಾರ, ಹೌದು? ಕೆರಿ ಮ್ಯಾಲ ಕುಂದರ್ರಿ. ಎಲ್ಲಾರೂ ನೋಡಲಿ.”

ಹಾಗೆ ನಾನು ಬಾಗಿಲಿನ ಹತ್ತಿರ ಕೆರೆಯ ಮೇಲೆ ಕುಳಿತೆ. ಅಣ್ಣ ಪ್ರತಿದಿನ ಆ ದಿಂಬನ್ನು ನೋಡಿ ಹಲ್ಲು ಕಚ್ಚುತ್ತಿದ್ದ. ಪ್ರತಿದಿನ ನಾನು ಅದನ್ನು ಝಾಡಿಸಿ ಹಾಕುತ್ತಿದ್ದೆ.

ಎರಡು ತಿಂಗಳಾಗಿತ್ತು. ಕಸ್ತೂರಿಬಾಯಿ ಬಂದಳು. ಮಗಳು ಹಡೆದಿದ್ದಳು, ಕೂಸಿಗೆ ತೊಟ್ಟಿಲ ಬಟ್ಟೆ ಬೇಕು. ಗಾದಿಗೆ ಹೋಗುವವಳು ನನ್ನ ಹತ್ತಿರ ನಿಂತು ದಿಂಬು ನೋಡಿದಳು.

“ಇದು ಆ ಕೆರಿ ಅಲ್ಲೇನ್ರಿ?”

“ಹೌದ್ರಿ ಬಾಯಿ, ಅದೇ.”

“ಅಕ್ಕಲಕೋಟದಾಗ ಸೇವಾಕ್ಕ ಇದ್ರಂತ?”

ಗಾದಿಯಿಂದ ಅಣ್ಣ ಕೆಮ್ಮಿದ. ಆ ಕೆಮ್ಮು ಕೇಳಿಯೇ ನನಗೆ ಬಾಯಿ ಬಂತು. “ಸೇವಾ ಏನೂ ಮಾಡಿಲ್ಲ, ಬಾಯಿ. ನನಗ ದೊಡ್ಡ ರೋಗ ಆಗಿತ್ತು. ಅವತ್ತ ನನ್ನ ಬೆರಳ ಸುಟ್ಟಿದ್ದು ನೀವೇ ನೋಡೀರಿ. ಕೈಗೆ ತಿಳೀಲಾರದಕ್ಕ ನಿಮಗ ಪ್ಲಾಸ್ಟಿಕ್ ಕೊಟ್ಟೆ, ಬೀಗರ ಮುಂದ ನಿಮ್ಮ ಮಾರಿ ಸಣ್ಣದಾತು. ವರ್ಷ ಗುಳಿಗಿ ನುಂಗಿ ಈಗ ಆರಾಮ ಆಗೀನಿ. ಬಲಗೈ ಇನ್ನಾ ಅರ್ಧಾ ಸತ್ತೇ ಅದ.”

ಅಣ್ಣನ ಮುಖ ಸುಣ್ಣದಂತಾಗಿತ್ತು. ಕಸ್ತೂರಿಬಾಯಿ ಗಾದಿಯ ಹತ್ತಿರ ಹೋಗಿ, ಅಣ್ಣ ತೆಗೆದಿಟ್ಟಿದ್ದ ಮೂರು ಬಟ್ಟೆಗಳನ್ನು ಎತ್ತಿಕೊಂಡು ತಿರುಗಿ ಬಂದು ನನ್ನ ತೊಡೆಯ ಮೇಲೆ ಹಾಕಿದಳು.

“ಕೂಸಿನ ಮೈಗೆ ಹತ್ತೂದು ಅದ. ನೋಡಿ ಹೇಳ್ರಿ.”

“ಎಡಗೈಲೆ ನೋಡಬೇಕಾಗ್ತದ್ರಿ.”

“ನೋಡ್ರಿ. ಕೂಸಿಗೇನ ತಿಳಿತದ, ಬಲ ಯಾವದು ಎಡ ಯಾವದು.”

ಕಣ್ಣು ಮುಚ್ಚಿದೆ. ಮೊದಲನೆಯದು ಬೆರಕೆ. ಎರಡನೆಯದೂ ಬೆರಕೆ. ಮೂರನೆಯದನ್ನು ತಿಕ್ಕಿದೆ, ಎಳೆಯ ಒರಟು, ಎಳೆ ಎಳೆಯ ನಡುವಿನ ಗಾಳಿ, ಎಲ್ಲ ಬೆರಳಿಗೆ ಬಂತು. “ಇದೊಂದೇ ಸೂತಿ” ಅಂದೆ. ಅಣ್ಣ ಮೂರನ್ನೂ ಸೂತಿ ಎಂದೇ ತೆಗೆದಿಟ್ಟಿದ್ದ. ಅವನು ಕಡ್ಡಿಪೆಟ್ಟಿಗೆಗೆ ಕೈ ಹಾಕಿದ.

“ಸುಡೂದು ಬ್ಯಾಡ” ಎಂದಳು ಕಸ್ತೂರಿಬಾಯಿ. ಮೂರನೆಯದನ್ನು ಮಡಿಚಿ ಬಗಲಲ್ಲಿ ಇಟ್ಟುಕೊಂಡು ಹೋದಳು.

ಅಣ್ಣ ಆ ದಿನ ನನ್ನೊಡನೆ ಮಾತಾಡಲಿಲ್ಲ. ಮರುದಿನವೂ ಇಲ್ಲ. ಕುರ್ಚಿ ಇದ್ದಲ್ಲೇ ಇತ್ತು.

ಮೂರು ವಾರದ ಮೇಲೆ ಒಂದು ಮುಂಜಾನೆ ಕಸ್ತೂರಿಬಾಯಿ ಡಬ್ಬಿ ಹಿಡಿದು ಬಂದಳು. ಮೊಮ್ಮಗಳಿಗೆ ಹೆಸರಿಟ್ಟ ಗುಗ್ಗರಿ, ಬೇಯಿಸಿದ ಕಡಲೆ, ಇನ್ನೂ ಹಬೆಯಾಡುತ್ತಿತ್ತು. ನಾನು ಎಡಗೈ ಚಾಚಿದೆ. “ಪ್ರಸಾದಕ್ಕ ಬಲಗೈ ತರ್ರಿ” ಎಂದು ಗದರಿಸಿ, ಬಲಗೈಯ ತುಂಬ ಸುರುವಿದಳು. ಬಿಸಿ ಹೆಬ್ಬೆರಳಿಗೆ ತಿಳಿಯಿತು. “ಅಣ್ಣತಮ್ಮ ಇಬ್ರೂ ಹಂಚ್ಕೊಳ್ರಿ” ಎಂದು ಡಬ್ಬಿ ಮುಚ್ಚಿ, ಬಸ್ಸಿಗೆ ತಡವಾಯಿತೆಂದು ಹೊರಟುಹೋದಳು.

ನಾನು ಕೈ ಚಾಚಿದಂತೆಯೇ ಕುಳಿತಿದ್ದೆ. ಅಣ್ಣ ಗಾದಿಯಿಂದ ಎದ್ದ. ಬಾಗಿಲಾಚೆ ಓಣಿಯನ್ನು ಒಮ್ಮೆ ನೋಡಿದ. ಹತ್ತಿರ ಬಂದು ನನ್ನ ಅಂಗೈಯಿಂದ ನಾಲ್ಕು ಕಾಳು ಎತ್ತಿಕೊಂಡ. ನಾಲ್ಕೇ. ಬಾಯಿಗೆ ಹಾಕಿಕೊಂಡು, ಅಗಿಯುತ್ತ ಗಾದಿಗೆ ಹೋಗಿ ಕುಳಿತ.